ಋತುವೊಂದಕ್ಕೆ ಎಷ್ಟು ಪಂದ್ಯಾವಳಿ?
(ಕಂಬಂ ಕಣಿವೆಯ ಶಾಲಾ ಬ್ಯಾಸ್ಕೆಟ್‌ಬಾಲನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ)

ಅರಸರ ಯುದ್ಧಗಳನ್ನೂ ಸಂಧಿಗಳನ್ನೂ ತೇದಿವಾರಾಗಿ ಬರೆದಿಡುವ ಚರಿತ್ರೆಯು ಮಕ್ಕಳ ಆಟಗಳನ್ನು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ಆದರೂ ಒಂದು ಸೀಮೆಯ ಶಾಲೆಗಳಿಗೆ ಒಂದು ಆಟವು ಯಾವಾಗ ಬಂದಿತು, ಯಾರ ಕೈಯಿಂದ ಬಂದಿತು, ವರ್ಷದ ಯಾವ ತಿಂಗಳುಗಳಲ್ಲಿ ಅದನ್ನು ಆಡಿದರು, ಎಷ್ಟು ಮಂದಿ ಮಕ್ಕಳಿಗೆ ಆಡುವ ಅವಕಾಶ ದೊರೆಯಿತು ಎಂದು ಕೇಳುತ್ತ ಹೋದರೆ, ಆ ಸೀಮೆಯ ದಾರಿಗಳು, ಮಳೆಗಾಲ, ಜಿಲ್ಲೆಯ ಗಡಿ, ಇಲಾಖೆಯ ಕಟ್ಟಳೆ ಇವೆಲ್ಲವೂ ಒಂದೊಂದಾಗಿ ನಮ್ಮ ಕಣ್ಣಿಗೆ ಬೀಳುತ್ತವೆ. ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡವೊಂದು ಒಂದು ಋತುವಿನಲ್ಲಿ ಎಷ್ಟು ಪಂದ್ಯಾವಳಿಗಳಲ್ಲಿ ಆಡುತ್ತದೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಬೆರಳೆಣಿಕೆಯ ಲೆಕ್ಕದಂತೆ ತೋರುತ್ತದೆ. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಒಂದು ವಿವಾದವಿದೆಯೆಂಬುದನ್ನೂ, ಆ ವಿವಾದವು ನಮ್ಮ ಕಣಿವೆಯ ಶಾಲೆಗಳಿಗೆ ಹೇಗೆ ಅನ್ವಯಿಸುತ್ತದೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ಪರಿಚಯ. ಪಶ್ಚಿಮ ಘಟ್ಟಗಳ ಮಡಿಲಿನಲ್ಲಿ, ಮುಲ್ಲೈ ಪೆರಿಯಾರಿನ ನೀರು ಉಣಿಸುವ ಗದ್ದೆ ತೋಟಗಳ ನಡುವೆ ಕಂಬಂ, ಉತ್ತಮಪಾಳ್ಯಂ, ಬೋಡಿನಾಯಕನೂರು, ತೇನಿ, ಪೆರಿಯಕುಳಂ ಎಂಬ ಊರುಗಳಿವೆ. ಅವುಗಳ ಈಶಾನ್ಯಕ್ಕೆ, 1755ರಲ್ಲಿ ಹೈದರಾಲಿಯು ಫೌಜುದಾರನಾಗಿ ಬಂದು ಬಲಿಷ್ಠನಾದ ದಿಂಡಿಗಲ್ಲಿನ ಕೋಟೆ. ಈ ಪ್ರದೇಶದಲ್ಲಿ ಕಪ್ಪಿಲಿಯರು, ಒಕ್ಕಲಿಗ ಗೌಡರು, ದೇವಾಂಗ ನೇಕಾರರು ಮೊದಲಾದ ಕನ್ನಡ ಮನೆಮಾತಿನ ಜನರು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂಬುದು ಇವರ ಮಕ್ಕಳ ಸ್ಥಿತಿ. ಶಾಲೆಯಲ್ಲಿ ಈ ಆಟಕ್ಕೆ ‘ಕೂಡೈಪ್ಪಂದು’ ಎಂದು ಹೆಸರು. ‘ಕೂಡೈ’ ಎಂದರೆ ನಮ್ಮ ಗೂಡೆಯೇ. ‘ಪಂದು’ ಎಂದರೆ ಚೆಂಡು. ಹಾಗಾಗಿ ಕನ್ನಡ ಮನೆಯ ಹುಡುಗನಿಗೆ ಈ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಗೂಡೆಯ ಚೆಂಡು ಹುಟ್ಟಿದ್ದು ಚಳಿಯ ದೇಶದಲ್ಲಿ. ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯೊಂದಿತ್ತು. ಹೊರಗೆ ಹಿಮ ಬಿದ್ದು ಬಯಲಾಟಗಳು ನಿಂತುಹೋದ ತಿಂಗಳುಗಳಲ್ಲಿ ವಿದ್ಯಾರ್ಥಿಗಳನ್ನು ಒಳಾಂಗಣದಲ್ಲಿ ಹುರುಪಿನಿಂದಿರಿಸಲು ಹೊಸ ಆಟವೊಂದನ್ನು ಹುಡುಕಬೇಕೆಂದು ಅಲ್ಲಿನ ಮುಖ್ಯಸ್ಥ ಲೂಥರ್ ಗುಲಿಕರು ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರಿಗೆ ಒಪ್ಪಿಸಿದರು. 1891ರ ಡಿಸೆಂಬರಿನಲ್ಲಿ ನೈಸ್ಮಿತರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದ ಕಟಾಂಜನಕ್ಕೆ ಹೊಡೆಸಿ, 13 ನಿಯಮಗಳನ್ನು ಬರೆದು, 18 ವಿದ್ಯಾರ್ಥಿಗಳನ್ನು 9-9ರ ಎರಡು ಪಾಳಿ ಮಾಡಿ ಆಡಿಸಿದರು. ಆ ದಿನ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಒಂದು ಸಾರಿ. ಬುಟ್ಟಿಯ ತಳವನ್ನು ತೆಗೆದಿರಲಿಲ್ಲವಾದುದರಿಂದ ಬಿದ್ದ ಚೆಂಡನ್ನು ಏಣಿ ಹಾಕಿ ತೆಗೆಯಬೇಕಾಗಿತ್ತು. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಿಕೆಯು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಈ ಆಟವನ್ನು ಕಲಿಸಿದರು. ಪಾಳಿಗೆ ಐವರೆಂಬ ನಿಯಮವು 1897ರ ಹೊತ್ತಿಗೆ ನೆಲೆಗೊಂಡಿತು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದರೂ 10 ಅಡಿಯ ಎತ್ತರ ಮಾತ್ರ ಇಂದಿಗೂ ಹಾಗೆಯೇ ಇದೆ.

ಚಳಿಗಾಲದ ರಜೆಯಿಲ್ಲದ ಸಂಜೆಗಳನ್ನು ತುಂಬಲು ಹುಟ್ಟಿದ ಈ ಆಟವು ಅಮೆರಿಕದ ಪ್ರೌಢಶಾಲೆಗಳಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಇಂಡಿಯಾನಾ ಎಂಬ ರಾಜ್ಯದಲ್ಲಿ 1911ರಿಂದಲೇ ಶಾಲೆಗಳ ರಾಜ್ಯ ಪಂದ್ಯಾವಳಿಯು ನಡೆಯತೊಡಗಿತು. 1917ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ಪ್ರಸಿದ್ಧ ಕ್ರೀಡಾ ಶಿಕ್ಷಕರು ದೇಶದ ನಾನಾ ಕಡೆಯ ಶಾಲೆಗಳನ್ನು ಕರೆಸಿ ಒಂದು ದೊಡ್ಡ ಪಂದ್ಯಾವಳಿಯನ್ನು ಆರಂಭಿಸಿದರು. ಇಲ್ಲಿಂದಲೇ ವಿವಾದವು ಮೊಳೆಯಿತು. ಊರಿನ ಪಂದ್ಯಗಳು, ಜಿಲ್ಲೆಯವು, ರಾಜ್ಯದವು, ಅದರ ಮೇಲೆ ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿ ಸೇರಬೇಕಾದ ದೇಶದ ಪಂದ್ಯಾವಳಿ. ಇವೆಲ್ಲವನ್ನೂ ಆಡಿ ಮುಗಿಸುವ ಹುಡುಗನು ಪಾಠಕ್ಕೆ ಕೂಡುವುದು ಯಾವಾಗ ಎಂದು ಮುಖ್ಯೋಪಾಧ್ಯಾಯರು ಕೇಳತೊಡಗಿದರು. ರಾಜ್ಯಗಳ ಪ್ರೌಢಶಾಲಾ ಕ್ರೀಡಾ ಸಂಘಗಳು 1920ರಲ್ಲಿ ಒಂದು ಒಕ್ಕೂಟ ಮಾಡಿಕೊಂಡು ಇಂತಹ ದೇಶವ್ಯಾಪಿ ಪಂದ್ಯಾವಳಿಗಳನ್ನು ವಿರೋಧಿಸಿದವು. ಷಿಕಾಗೋದ ಪಂದ್ಯಾವಳಿಯು 1930ರ ಕೂಟದೊಡನೆ ಕೊನೆಗೊಂಡಿತು. ಅಲ್ಲಿಂದ ಮುಂದೆ ಋತುವೊಂದಕ್ಕೆ ಶಾಲೆಯು ಇಷ್ಟೇ ಪಂದ್ಯಗಳನ್ನು ಆಡತಕ್ಕದ್ದೆಂದು ಮಿತಿ ಹಾಕುವ ಪದ್ಧತಿಯು ಆ ದೇಶದ ರಾಜ್ಯಗಳಲ್ಲಿ ಬಲವಾಗಿ ಬೇರೂರಿತು. ಅತಿಯಾದುದನ್ನು ತಡೆಯುವುದೇ ಅವರ ಚಿಂತೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕಡೆಯ ಚಿಂತೆಯು ಇದಕ್ಕೆ ತೀರ ವಿಪರೀತವಾದುದೆಂಬುದು ಮುಂದೆ ತಿಳಿಯುತ್ತದೆ.

ಆಟವು ನಮ್ಮ ದೇಶಕ್ಕೆ ಬಂದುದು ಬಹುಮಟ್ಟಿಗೆ ವೈ.ಎಂ.ಸಿ.ಎ. ಸಂಸ್ಥೆಗಳ ಮೂಲಕ. ಸ್ಪ್ರಿಂಗ್‌ಫೀಲ್ಡಿನ ಅದೇ ವಿದ್ಯಾಲಯದಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ಮದ್ರಾಸಿಗೆ ಬಂದು 1920ರಲ್ಲಿ ದೈಹಿಕ ಶಿಕ್ಷಣದ ಶಾಲೆಯೊಂದನ್ನು ತೆರೆದರು. ಇಂದಿಗೂ ನಂದನಂನಲ್ಲಿ ನಡೆಯುತ್ತಿರುವ ಆ ವಿದ್ಯಾಲಯದಿಂದ ತರಬೇತಿ ಪಡೆದವರು ದಕ್ಷಿಣದ ಶಾಲೆಗಳಿಗೆ ಅಧ್ಯಾಪಕರಾಗಿ ಹೋದರು. ಹಳಬರು ‘ಡ್ರಿಲ್ ಮೇಷ್ಟ್ರು’ ಎಂದು ಕರೆಯುತ್ತಿದ್ದ ವರ್ಗಕ್ಕೆ ಹೊಸ ಗೌರವವೂ ಹೊಸ ಆಟಗಳೂ ಬಂದುದು ಹೀಗೆ. ಆಗ ಮಧುರೆ ಜಿಲ್ಲೆಯಂತೆಯೇ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಸೀಮೆಗಳೂ ಮದ್ರಾಸು ಪ್ರಾಂತಕ್ಕೆ ಸೇರಿದ್ದುವೆಂಬುದನ್ನು ಇಲ್ಲಿ ಸ್ಮರಿಸಬಹುದು. ಬಳ್ಳಾರಿಯು 1953ರಲ್ಲಿಯೂ ಉಳಿದೆರಡು 1956ರಲ್ಲಿಯೂ ಮೈಸೂರು ರಾಜ್ಯವನ್ನು ಸೇರಿದುವು. 1956ರಲ್ಲಿಯೇ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯವರೆಗೆ ಮಂಗಳೂರಿನ ಹುಡುಗನೂ ಕಂಬಂನ ಹುಡುಗನೂ ಒಂದೇ ಸರ್ಕಾರದ ಶಿಕ್ಷಣ ಇಲಾಖೆಗೆ ಒಳಪಟ್ಟವರಾಗಿದ್ದರು.

ಮಧುರೆ ಸೀಮೆಯಲ್ಲಿ ಅಮೆರಿಕನ್ ಮಿಷನ್ನಿನವರು 1834ರಿಂದಲೇ ಶಾಲೆಗಳನ್ನು ನಡೆಸುತ್ತಿದ್ದರು. ಅವರ ಮೂಲ ಸಂಸ್ಥೆಯಿದ್ದುದು ಮಸಾಚುಸೆಟ್ಸಿನ ಬಾಸ್ಟನ್ ನಗರದಲ್ಲಿ. ಅಮೆರಿಕನ್ ಮಿಷನರಿಗಳ ಮಕ್ಕಳಿಗಾಗಿ 1901ರಲ್ಲಿ ಕೊಡೈಕನಾಲಿನ ಬೆಟ್ಟದ ಮೇಲೆ ಒಂದು ಶಾಲೆಯೂ ಆರಂಭವಾಯಿತು. ಆಟ ಹುಟ್ಟಿದ ರಾಜ್ಯವೂ ಮಿಷನ್ನಿನ ತವರೂ ಒಂದೇ ಆಗಿರುವುದನ್ನು ಕಂಡು, ಆಟವನ್ನು ಅವರೇ ಇಲ್ಲಿಗೆ ತಂದರೆಂದು ಹೇಳಿಬಿಡಲು ಮನಸ್ಸಾಗುವುದು ಸಹಜ. ಆದರೆ ಎರಡು ಸಂಗತಿಗಳು ಒಂದೇ ಊರಿನವಾಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಚರಿತ್ರೆಯಲ್ಲಿ ತೀರ್ಮಾನಿಸಲಾಗದು. ವಿದ್ಯಾರ್ಥಿಗಳು ಚರಿತ್ರೆಯನ್ನು ಓದುವಾಗ ಈ ಎಚ್ಚರಿಕೆಯನ್ನು ಸದಾ ಪಾಲಿಸಬೇಕು.

ದೇಶಮಟ್ಟದ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಗಂಡಸರ ಮೊದಲನೆಯ ರಾಷ್ಟ್ರೀಯ ಪಂದ್ಯಾವಳಿಯು 1934ರಲ್ಲಿ ದೆಹಲಿಯಲ್ಲಿ ನಡೆಯಿತು. 1936ರ ಬರ್ಲಿನ್ ಒಲಿಂಪಿಕ್ ಕೂಟದಲ್ಲಿ ಆಟಕ್ಕೆ ಸ್ಥಾನ ದೊರೆತಾಗ ವೃದ್ಧರಾದ ನೈಸ್ಮಿತರೂ ಅಲ್ಲಿ ಉಪಸ್ಥಿತರಿದ್ದರು. ಭಾರತದ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ 1950ರಲ್ಲಿ ಏರ್ಪಟ್ಟಿತು. ಶಾಲಾ ಆಟಗಳಿಗಾಗಿ ಪ್ರತ್ಯೇಕವಾದ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ 1954ರಲ್ಲಿ ಸ್ಥಾಪಿತವಾಯಿತು. ಇದರಿಂದ ಶಾಲೆಯ ಮಕ್ಕಳ ಸ್ಪರ್ಧೆಗೆ ಏಣಿಯಂತಹ ಒಂದು ಕ್ರಮ ಬಂದಿತು. ಕರ್ನಾಟಕದಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲುಗಳಿರುವಂತೆ ತಮಿಳುನಾಡಿನಲ್ಲಿ ವಲಯ, ಕಂದಾಯ ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳಿವೆ. ಅಲ್ಲಿ ಗುಂಪಿನ ಆಟಗಳ ಈ ಸ್ಪರ್ಧೆಗೆ ಗಣರಾಜ್ಯ ದಿನದ ಪಂದ್ಯಗಳೆಂದು ಹೆಸರು.

ಹೀಗೆ ಚಳಿಗಾಲದ ಆಟವಾಗಿ ಹುಟ್ಟಿದುದು ನಮ್ಮಲ್ಲಿಗೆ ಬಂದು ತನ್ನ ಋತುವನ್ನೇ ಬದಲಿಸಿಕೊಂಡಿತು. ಇಲ್ಲಿ ಆಟವು ಬಯಲಿನದು. ಅಂಕಣವು ಮಣ್ಣಿನದು ಅಥವಾ ಸಿಮೆಂಟಿನದು. ಜೂನ್ ತಿಂಗಳಲ್ಲಿ ಶಾಲೆ ತೆರೆಯುತ್ತದೆ. ಕಣಿವೆಯ ಮೊದಲ ಬೆಳೆಗೆ ಪೆರಿಯಾರಿನ ನೀರು ಬಿಡುವುದೂ ಸಾಮಾನ್ಯವಾಗಿ ಅದೇ ತಿಂಗಳಲ್ಲಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯದ ಮಳೆ ಸುರಿದಾಗ ಮಣ್ಣಿನ ಅಂಕಣದಲ್ಲಿ ಚೆಂಡು ಪುಟಿಯದು. ಮಾರ್ಚಿ ಬಂದಿತೆಂದರೆ ಪರೀಕ್ಷೆ. ಉಳಿದ ಬಿಡುವಿನ ವಾರಗಳಲ್ಲಿ ವಲಯದ ಪಂದ್ಯಗಳನ್ನೂ ಜಿಲ್ಲೆಯ ಪಂದ್ಯಗಳನ್ನೂ ಮುಗಿಸಬೇಕು. ಆದುದರಿಂದ ನಮ್ಮ ಶಾಲೆಗಳಿಗೆ ‘ಋತು’ ಎಂಬುದು ಪಂಚಾಂಗದಲ್ಲಿ ಬರೆದ ಕಾಲವಲ್ಲ. ಮಳೆಯೂ ಪರೀಕ್ಷೆಯೂ ಬಿಟ್ಟುಕೊಟ್ಟಷ್ಟೇ ಕಾಲ.

ಈ ಸೀಮೆಯಲ್ಲಿ ಬ್ಯಾಸ್ಕೆಟ್‌ಬಾಲ್ ಎಂದೊಡನೆ ನೆನಪಾಗುವ ಹೆಸರು ಪೆರಿಯಕುಳಂ. ತೇನಿಯಿಂದ ಸುಮಾರು 16 ಕಿಲೋಮೀಟರು ದೂರದ, ಮಾವಿನ ತೋಪುಗಳಿಗೆ ಹೆಸರಾದ ಈ ಸಣ್ಣ ಪಟ್ಟಣದಲ್ಲಿ ಸಿಲ್ವರ್ ಜುಬಿಲಿ ಸ್ಪೋರ್ಟ್ಸ್ ಕ್ಲಬ್ಬಿನವರು ಅರ್ಧ ಶತಮಾನಕ್ಕೂ ಮಿಕ್ಕು ಅಖಿಲ ಭಾರತ ಪಂದ್ಯಾವಳಿಯನ್ನು ನಡೆಸುತ್ತ ಬಂದಿದ್ದಾರೆ. ಮಹಾನಗರಗಳೇ ಹಿಡಿದು ನಿಲ್ಲಿಸಲಾರದ ಇಂತಹ ಏರ್ಪಾಡನ್ನು ಒಂದು ಸಣ್ಣ ಊರು ಇಷ್ಟು ಕಾಲ ಕೈಬಿಡದೆ ನಡೆಸಿರುವುದು ಪ್ರಶಂಸನೀಯ. ಪಂದ್ಯಾವಳಿಯು ನಡೆಯುವುದು ಮೇ ತಿಂಗಳಲ್ಲಿ, ಬೇಸಗೆಯ ರಜೆಯ ದಿನಗಳಲ್ಲಿ. ಸೇನೆ, ರೈಲ್ವೆ, ಬ್ಯಾಂಕು ಮೊದಲಾದವುಗಳ ಬಲಿಷ್ಠ ತಂಡಗಳು ಬಂದು ಹೊನಲು ಬೆಳಕಿನಲ್ಲಿ ಆಡುತ್ತವೆ. ಶಾಲೆಯ ಮಕ್ಕಳು ಇಲ್ಲಿ ಬಹುತೇಕ ನೋಡುವವರೇ ಹೊರತು ಆಡುವವರಲ್ಲ. ಆದರೂ ಅಂಕಣದ ಅಂಚಿನಲ್ಲಿ ಕುಳಿತು ದೇಶದ ಉತ್ತಮ ಆಟಗಾರರನ್ನು ಕಣ್ಣಾರೆ ಕಾಣುವ ಭಾಗ್ಯವು ಹಳ್ಳಿಯ ಹುಡುಗನಿಗೆ ಬೇರೆಲ್ಲಿ ದೊರೆತೀತು? ಇಂತಹ ಕೂಟವು ಶಾಲೆಯ ಪಂದ್ಯಾವಳಿಗಳ ಲೆಕ್ಕಕ್ಕೆ ಸೇರದಿದ್ದರೂ ಶಾಲೆಯ ಆಟದ ಬೆಳವಣಿಗೆಗೆ ಸೇರುತ್ತದೆ.

ಇನ್ನು ಲೆಕ್ಕದ ಮಾತು. ಇಂದು ಇಲ್ಲಿನ ಪ್ರೌಢಶಾಲೆಗೆ ಸ್ಥೂಲವಾಗಿ ನಾಲ್ಕು ಬಾಗಿಲುಗಳಿವೆ. ಒಂದು, ಶಿಕ್ಷಣ ಇಲಾಖೆಯ ವಲಯ-ಜಿಲ್ಲೆ-ರಾಜ್ಯದ ಪಂದ್ಯಗಳು. ಎರಡು, ರಾಜ್ಯ ಸರ್ಕಾರದ ಮುಖ್ಯಮಂತ್ರಿ ಪಾರಿತೋಷಕದ ಸ್ಪರ್ಧೆಗಳಲ್ಲಿ ಶಾಲಾ ಮಕ್ಕಳ ವಿಭಾಗ. ಮೂರು, ಕ್ಲಬ್ಬುಗಳೂ ಕಾಲೇಜುಗಳೂ ಆಹ್ವಾನ ಕಳುಹಿಸಿ ನಡೆಸುವ ಪಂದ್ಯಾವಳಿಗಳು. ನಾಲ್ಕು, ಬ್ಯಾಸ್ಕೆಟ್‌ಬಾಲ್ ಸಂಘಗಳು ವಯಸ್ಸಿಗನುಸಾರವಾಗಿ ನಡೆಸುವ ಸ್ಪರ್ಧೆಗಳು. ಇವುಗಳಲ್ಲಿ ಆಡುವುದು ಶಾಲೆಯಲ್ಲ, ಜಿಲ್ಲೆಯ ಪರವಾಗಿ ಆಯ್ಕೆಯಾದ ಕೆಲವೇ ಮಕ್ಕಳು. ಇವಕ್ಕೆಲ್ಲ ಕಲಶವಿಟ್ಟಂತೆ 2018ರಲ್ಲಿ ದೆಹಲಿಯಲ್ಲಿ ‘ಖೇಲೋ ಇಂಡಿಯಾ’ ಶಾಲಾ ಕೂಟವು ಆರಂಭವಾಯಿತು. ಮುಂದೆ ಯುವ ಕೂಟವೆಂಬ ಹೆಸರು ಪಡೆದ ಅದು 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿಯೇ, ಮಧುರೆಯೂ ಸೇರಿದಂತೆ ನಾಲ್ಕು ನಗರಗಳಲ್ಲಿ ನಡೆಯಿತು. ಹೀಗೆ ಪಟ್ಟಿ ಮಾಡಿದರೆ ಪಂದ್ಯಾವಳಿಗಳಿಗೆ ಕೊರತೆಯಿಲ್ಲವೆಂದೇ ತೋರುತ್ತದೆ.

ಆದರೆ ಪಂದ್ಯಾವಳಿಯ ಸಂಖ್ಯೆಯು ಪಂದ್ಯಗಳ ಸಂಖ್ಯೆಯಲ್ಲ. ಗಣಿತದ ಅಧ್ಯಾಪಕರು ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಬಹುದು. 16 ಶಾಲೆಗಳು ಸೇರಿದ ನಾಕೌಟ್ ಪಂದ್ಯಾವಳಿಯಲ್ಲಿ ಒಂದೊಂದು ಪಂದ್ಯಕ್ಕೆ ಒಂದೊಂದು ತಂಡವು ಸೋತು ಹೊರಹೋಗುತ್ತದೆ. ಕೊನೆಗೆ ಒಂದೇ ತಂಡ ಉಳಿಯಬೇಕಾದರೆ 15 ತಂಡಗಳು ಸೋಲಬೇಕು. ಆದುದರಿಂದ ಒಟ್ಟು ಪಂದ್ಯಗಳು 15. ಅವುಗಳಲ್ಲಿ 8 ಶಾಲೆಗಳು ಒಂದೇ ಪಂದ್ಯವನ್ನಾಡಿ ಮನೆಗೆ ಮರಳುತ್ತವೆ. ಇನ್ನೂ 4 ಶಾಲೆಗಳು ಎರಡನ್ನಾಡಿ ಮರಳುತ್ತವೆ. ನಾಲ್ಕು ಪಂದ್ಯಗಳು ದೊರೆಯುವುದು ಅಂತಿಮ ಪಂದ್ಯಕ್ಕೆ ಏರಿದ ಎರಡೇ ಶಾಲೆಗಳಿಗೆ. ಅಂದರೆ ಯಾವ ಶಾಲೆಗೆ ಅಭ್ಯಾಸದ ಅವಶ್ಯಕತೆಯು ಅತ್ಯಂತ ಹೆಚ್ಚಾಗಿದೆಯೋ ಅದಕ್ಕೆ ಅತ್ಯಂತ ಕಡಿಮೆ ಆಟವೂ, ಯಾವುದಕ್ಕೆ ಅವಶ್ಯಕತೆಯು ಕಡಿಮೆಯೋ ಅದಕ್ಕೆ ಹೆಚ್ಚು ಆಟವೂ ದೊರೆಯುತ್ತದೆ. ನಾಲ್ಕು ನಾಕೌಟ್ ಪಂದ್ಯಾವಳಿಗಳಿಗೆ ಹೋಗಿ ನಾಲ್ಕರಲ್ಲಿಯೂ ಮೊದಲ ಸುತ್ತಿನಲ್ಲಿಯೇ ಸೋತ ಶಾಲೆಯು ಇಡೀ ವರ್ಷದಲ್ಲಿ ಆಡಿದ್ದು ನಾಲ್ಕೇ ಪಂದ್ಯ. ಎಂಟು ಶಾಲೆಗಳ ಒಂದೇ ಒಂದು ಲೀಗ್ ಪಂದ್ಯಾವಳಿಯಲ್ಲಿ ಆಡಿ ಎಲ್ಲವನ್ನೂ ಸೋತ ಶಾಲೆಗೂ ಏಳು ಪಂದ್ಯಗಳು ಸಿಕ್ಕಿರುತ್ತವೆ. ನಾಲ್ಕಕ್ಕಿಂತ ಒಂದು ದೊಡ್ಡದಾಗುವ ವಿಚಿತ್ರ ಗಣಿತವಿದು.

ದೂರದ ಪ್ರಶ್ನೆಯೂ ಇದರೊಡನೆ ಬೆರೆತಿದೆ. ದಿಂಡಿಗಲ್ಲು 1985ರವರೆಗೂ, ತೇನಿಯು 1996ರವರೆಗೂ ಮಧುರೆ ಜಿಲ್ಲೆಯ ಭಾಗಗಳಾಗಿದ್ದುವು. ಕಂಬಂನಿಂದ ಮಧುರೆಗೆ 110 ಕಿಲೋಮೀಟರಿಗೂ ಹೆಚ್ಚು ದೂರ. 1928ರಲ್ಲಿ ಬಂದ ರೈಲು ಬೋಡಿನಾಯಕನೂರಿಗೇ ನಿಂತಿತು, ಕಂಬಂವರೆಗೆ ಬರಲಿಲ್ಲ. ಜಿಲ್ಲೆಯ ಕೇಂದ್ರದಲ್ಲಿ ಒಂದು ಪಂದ್ಯವನ್ನಾಡಬೇಕಾದರೆ ಹುಡುಗರು ಬಸ್ಸಿನಲ್ಲಿ ಹಗಲೆಲ್ಲ ಕಳೆಯಬೇಕಾಗಿತ್ತು. ದೊಡ್ಡ ಜಿಲ್ಲೆಗೆ ವಿಜೇತ ತಂಡವು ಒಂದೇ. ಜಿಲ್ಲೆಯು ಮೂರಾದಾಗ, ರಾಜ್ಯಮಟ್ಟಕ್ಕೆ ಏರಬಲ್ಲ ಬಾಗಿಲುಗಳೂ ಮೂರಾದುವು. ತೇನಿಯಲ್ಲಿ ಜಿಲ್ಲೆಯ ಪಂದ್ಯ ನಡೆದರೆ ಕಂಬಂನ ತಂಡವು ಸುಮಾರು 40 ಕಿಲೋಮೀಟರು ಹೋಗಿ ಸಂಜೆಗೆ ಮನೆ ಸೇರಬಹುದು. ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆಯೊಂದು ಆಟದ ಚರಿತ್ರೆಯನ್ನೂ ತಿದ್ದಿತೆಂಬುದಕ್ಕೆ ಇದು ನಿದರ್ಶನ.

ಇದೇ ಪ್ರಶ್ನೆಯು ಮೇಲೆ ಹೇಳಿದ ಇಂಡಿಯಾನಾದಲ್ಲಿ ಬೇರೆ ರೂಪ ತಾಳಿತು. ಅಲ್ಲಿ ದೊಡ್ಡ ಶಾಲೆ ಸಣ್ಣ ಶಾಲೆ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಪಂದ್ಯಾವಳಿ. 1954ರಲ್ಲಿ 161 ವಿದ್ಯಾರ್ಥಿಗಳಷ್ಟೇ ಇದ್ದ ಮಿಲನ್ ಎಂಬ ಹಳ್ಳಿಯ ಶಾಲೆಯು ಅಂತಿಮ ಪಂದ್ಯದಲ್ಲಿ ಮನ್ಸಿ ಸೆಂಟ್ರಲ್ ಎಂಬ ದೊಡ್ಡ ಶಾಲೆಯನ್ನು 32-30ರಿಂದ ಸೋಲಿಸಿ ರಾಜ್ಯದ ಪ್ರಶಸ್ತಿಯನ್ನು ಗೆದ್ದಿತು. ಆ ಕಥೆಯನ್ನು ಅಲ್ಲಿನವರು ಇಂದಿಗೂ ಹೇಳಿ ದಣಿಯರು. ಆದರೆ ಆ ವರ್ಷ ಏಳುನೂರಕ್ಕೂ ಹೆಚ್ಚು ಶಾಲೆಗಳು ಸೇರಿದ್ದುವು. ಗೆದ್ದ ಒಂದರ ಕಥೆ ಉಳಿಯಿತು, ಮೊದಲ ದಿನವೇ ಹೊರಬಿದ್ದ ನೂರಾರು ಸಣ್ಣ ಶಾಲೆಗಳ ಕಥೆಯನ್ನು ಯಾರೂ ಹೇಳಲಿಲ್ಲ. ಕಡೆಗೆ 1997-98ರ ಋತುವಿನಿಂದ ಶಾಲೆಗಳನ್ನು ವಿದ್ಯಾರ್ಥಿಗಳ ಸಂಖ್ಯೆಗನುಸಾರವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿ ಒಂದು ಪಂದ್ಯಾವಳಿಯ ಬದಲು ನಾಲ್ಕನ್ನು ನಡೆಸತೊಡಗಿದರು. ಹಳೆಯ ಏರ್ಪಾಡಿನ ಸೊಗಸು ಹೋಯಿತೆಂದು ಹಲಹಲಬುವವರು ಅಲ್ಲಿದ್ದಾರೆ. ಎರಡು ಕಡೆಯ ವಾದದಲ್ಲಿಯೂ ಹುರುಳುಂಟು. ಒಂದು ಮಹಾ ವಿಜಯದ ಸಂಭವವು ದೊಡ್ಡದೋ, ಅನೇಕರಿಗೆ ಸಲ್ಲುವ ಸಮನಾದ ಆಟವು ದೊಡ್ಡದೋ ಎಂಬುದೇ ಅಲ್ಲಿನ ತಿರುಳು. ಶಾಲೆಯ ಮಟ್ಟಿಗೆ ಎರಡನೆಯದೇ ದೊಡ್ಡದೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಏಕೆಂದರೆ ಶಾಲೆಯಿರುವುದು ಕಲಿಸುವುದಕ್ಕೆ, ಆಟದಿಂದ ಕಲಿಯುವುದು ಆಡಿದವನೇ ಹೊರತು ಮನೆಗೆ ಮರಳಿದವನಲ್ಲ.

ಹಾಗಾದರೆ ನಾಕೌಟ್ ಪದ್ಧತಿಯನ್ನು ಏಕೆ ಬಿಡಲಿಲ್ಲ? ಅದಕ್ಕೆ ಕಾರಣ ಹಣ ಮತ್ತು ಹೊತ್ತು. ನಿಯಮದ ಪ್ರಕಾರ ಆಟದ ಅವಧಿಯು ಹತ್ತು ನಿಮಿಷದ ನಾಲ್ಕು ಭಾಗಗಳು. ನಡುವಿನ ವಿರಾಮಗಳೂ ತಡೆಗಳೂ ಸೇರಿದರೆ ಒಂದು ಗಂಟೆಗೂ ಮೀರುತ್ತದೆ. 8 ಶಾಲೆಗಳ ನಾಕೌಟ್ ಕೂಟವು ಏಳೇ ಪಂದ್ಯಗಳಲ್ಲಿ, ಒಂದೇ ಅಂಕಣದಲ್ಲಿ, ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ಅವೇ 8 ಶಾಲೆಗಳ ಪೂರ್ಣ ಲೀಗಿಗೆ 28 ಪಂದ್ಯಗಳು ಬೇಕು. ಅಷ್ಟು ದಿನ ಮಕ್ಕಳ ಊಟ ವಸತಿಗೆ ಯಾರು ಹೊಣೆ? ತೀರ್ಪುಗಾರರಿಗೆ ಸಂಭಾವನೆ ಎಲ್ಲಿಂದ? ತಪ್ಪಿದ ಪಾಠಗಳನ್ನು ಯಾರು ತುಂಬಿಕೊಡುವರು? ಈ ಪ್ರಶ್ನೆಗಳನ್ನು ತಳ್ಳಿಹಾಕುವಂತಿಲ್ಲ. ಷಿಕಾಗೋ ಪಂದ್ಯಾವಳಿಯ ಕಾಲದಲ್ಲಿ ಅಮೆರಿಕದ ಮುಖ್ಯೋಪಾಧ್ಯಾಯರು ಎತ್ತಿದ ಆಕ್ಷೇಪವೂ ಇದೇ ಅಲ್ಲವೆ?

ಆದರೆ ಎರಡರ ನಡುವೆ ದಾರಿಗಳಿವೆ. ಮೊದಲ ಸುತ್ತಿನಲ್ಲಿ ಸೋತ 4 ತಂಡಗಳು ತಮ್ಮತಮ್ಮೊಳಗೆ ಎರಡು ಪಂದ್ಯಗಳನ್ನೂ, ಅವುಗಳಲ್ಲಿ ಗೆದ್ದವರು ಮತ್ತೊಂದನ್ನೂ ಆಡುವುದಾದರೆ ಒಟ್ಟು ಪಂದ್ಯಗಳು 7ರಿಂದ 10 ಆಗುತ್ತವೆ, ಅಷ್ಟೇ. ಬರಿಯ ಮೂರು ಪಂದ್ಯಗಳ ಹೆಚ್ಚಳದಿಂದ ಪ್ರತಿಯೊಂದು ಶಾಲೆಗೂ ಕನಿಷ್ಠ ಎರಡು ಪಂದ್ಯಗಳು ದೊರೆತಂತಾಯಿತು. ಇನ್ನೂ ಒಂದು ದಿನದ ಅನುಕೂಲವಿದ್ದರೆ ನಾಲ್ಕು ನಾಲ್ಕು ಶಾಲೆಗಳ ಎರಡು ಗುಂಪು ಮಾಡಬಹುದು. ಗುಂಪಿಗೆ 6ರಂತೆ 12 ಪಂದ್ಯಗಳು, ಅದರ ಮೇಲೆ ಉಪಾಂತ್ಯ ಅಂತ್ಯ ಸೇರಿ 3, ಒಟ್ಟು 15. ಆಗ ಯಾವ ಶಾಲೆಯೂ ಮೂರಕ್ಕಿಂತ ಕಡಿಮೆ ಆಡುವುದಿಲ್ಲ. ಹುಡುಗಿಯರ ತಂಡಗಳ ಸಂಖ್ಯೆಯು ಕಡಿಮೆಯಿರುವ ಕಡೆಗಳಲ್ಲಿ ಈ ಏರ್ಪಾಡು ಇನ್ನೂ ಸುಲಭ: ಮೂರೇ ಶಾಲೆಗಳು ಬಂದರೂ ಮೂರು ಪಂದ್ಯಗಳ ಲೀಗು ಅರ್ಧ ದಿನದಲ್ಲಿ ಮುಗಿಯುತ್ತದೆ, ಒಬ್ಬೊಬ್ಬರಿಗೂ ಎರಡೆರಡು ಪಂದ್ಯಗಳು ಸಿಗುತ್ತವೆ.

ಮೇಲಿನ ಚರಿತ್ರೆಯಿಂದ ತಿಳಿದುಬರುವುದಿಷ್ಟು. ಪಂದ್ಯಾವಳಿಗಳು ಅತಿಯಾದ ದೇಶದವರು ಪಾಠವನ್ನು ಕಾಪಾಡಲು ಗರಿಷ್ಠ ಮಿತಿಯೊಂದನ್ನು ಗೊತ್ತುಮಾಡಿಕೊಂಡರು. ನಮ್ಮ ಕಣಿವೆಯಂತಹ ಸೀಮೆಗಳಿಗೆ, ಹಾಗೆಯೇ ಕರ್ನಾಟಕದ ಹಿಂದುಳಿದ ತಾಲ್ಲೂಕುಗಳಿಗೂ ಗಡಿಯ ಕನ್ನಡ ಶಾಲೆಗಳಿಗೂ ಬೇಕಾಗಿರುವುದು ಕನಿಷ್ಠ ಮಿತಿ. ಕೂಟಕ್ಕೆ ಬಂದ ಯಾವ ಶಾಲೆಯೂ ಇಷ್ಟಕ್ಕೆ ಕಡಿಮೆಯಾಗಿ ಆಡಿ ಹಿಂದಿರುಗಬಾರದೆಂಬ ಒಂದು ಕಟ್ಟಳೆ. ಪಂದ್ಯಾವಳಿಗಳನ್ನು ಹೆಚ್ಚಿಸಿರೆಂದು ಕೇಳುವುದಕ್ಕೆ ಮೊದಲು, ಇರುವ ಪಂದ್ಯಾವಳಿಯಲ್ಲಿ ಸೋತವನಿಗೆ ಇನ್ನೊಂದು ಪಂದ್ಯವನ್ನು ಕೊಡಿರೆಂದು ಕೇಳುವುದು ಉಚಿತ. ಅದಕ್ಕೆ ಖರ್ಚೂ ಕಡಿಮೆ.

ಇದಕ್ಕೆ ಅಧ್ಯಾಪಕ ಮಹಾಶಯರು ಮಾಡಬಹುದಾದ ಒಂದು ಉಪಕಾರವಿದೆ. ಶಾಲೆಯ ಗೋಡೆಯ ಮೇಲೆ ಗೆದ್ದ ವರ್ಷಗಳ ಫಲಕವಿರುತ್ತದೆ. ಸೋತ ವರ್ಷಗಳ ದಾಖಲೆಯು ಎಲ್ಲಿಯೂ ಇರುವುದಿಲ್ಲ. ಪ್ರತಿ ವರ್ಷವೂ ಶಾಲೆಯ ತಂಡವು ಯಾವ ದಿನ ಎಲ್ಲಿಗೆ ಹೋಯಿತು, ಎಷ್ಟು ಪಂದ್ಯಗಳನ್ನಾಡಿತು, ಎಷ್ಟು ಮಂದಿ ಮಕ್ಕಳು ಅಂಕಣಕ್ಕೆ ಇಳಿದರು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ವಿದ್ಯಾರ್ಥಿಗಳಿಂದಲೇ ಬರೆಯಿಸಿಡಬೇಕು. ಹತ್ತು ವರ್ಷಗಳ ಅಂತಹ ಬರಹವನ್ನು ಹಿಡಿದು ಇಲಾಖೆಯ ಮುಂದೆ ನಿಂತರೆ ಕೇಳುವ ಮಾತಿಗೆ ಬಲ ಬರುತ್ತದೆ. ಮುಂದೆ ಈ ಸೀಮೆಯ ಚರಿತ್ರೆಯನ್ನು ಬರೆಯುವವರಿಗೂ ಅದು ಆಧಾರವಾಗುತ್ತದೆ.